ಅಮ್ಮನ ಕಣ್ಣು, ನನ್ನ ಕಿವಿ

ಊರಮ್ಮನಿಗೆ ಹೊಸ ಬಣ್ಣ ಹಾಕಬೇಕಾದರೆ ಮೊದಲು ಅವಳ ಕಣ್ಣು ಅಳಿಸಬೇಕು. ಕಣ್ಣಿರುವ ಅಮ್ಮನ ಮೈ ಹೆರೆಯುವ ಧೈರ್ಯದವರು ನಮ್ಮ ಕುಲದಲ್ಲಿ ಇನ್ನೂ ಹುಟ್ಟಿಲ್ಲ. ಪೂಜಾರಿ ಅಮ್ಮನ ಶಕ್ತಿಯನ್ನು ಕಳಸದ ನೀರಿಗೆ ಇಳಿಸಿ, ಆ ಕಳಸವನ್ನು ಗುಡಿಯ ಒಳಕೋಣೆಯಲ್ಲಿ ಅಕ್ಕಿಯ ಮೇಲೆ ಕೂರಿಸುತ್ತಾರೆ. ಆಮೇಲೆ ನಾನು ಒದ್ದೆ ಪಂಚೆ ಉಟ್ಟು, ಉಸಿರು ತಾಗದ ಹಾಗೆ ಬಾಯಿಗೆ ಬಟ್ಟೆ ಕಟ್ಟಿಕೊಂಡು, ಎರಡು ಕಣ್ಣಿಗೂ ಬಿಳಿ ಬಳಿಯುತ್ತೇನೆ. ಅಲ್ಲಿಗೆ ಅವಳು ಬರೀ ಮರ.

ಅಲ್ಲಿಂದ ಮತ್ತೆ ಕಣ್ಣು ಇಡುವ ತನಕ ಊರಿಗೆಲ್ಲ ಕಟ್ಟು. ಡಂಗುರ ಸಾರುತ್ತಾರೆ. ಯಾರ ಮನೆಯಲ್ಲೂ ಒಗ್ಗರಣೆ ಹಾಕುವಂತಿಲ್ಲ, ಎಣ್ಣೆಯಲ್ಲಿ ಏನನ್ನೂ ಕರಿಯುವಂತಿಲ್ಲ, ಗಂಡಸರು ಗಡ್ಡ ಹೆರೆಯುವಂತಿಲ್ಲ. ಹೆತ್ತ ತಾಯಿ ಕಣ್ಣಿಲ್ಲದೆ ಕತ್ತಲಲ್ಲಿ ಕೂತಿರುವಾಗ ಮಕ್ಕಳು ಸಾಸಿವೆ ಚಟಪಟ ಸಿಡಿಸಿಕೊಂಡು ಉಣ್ಣುವುದು ಹೇಗೆ? ನೇಮ ಸರಿಯಾಗಿದೆ. ಕಷ್ಟ ಏನೆಂದರೆ ಅದರ ಬಿಸಿ ಪೂರ್ತಿಯಾಗಿ ಬಣ್ಣ ಹಾಕುವವನ ಬೆನ್ನಿಗೆ ತಾಗುತ್ತದೆ. ಬಣ್ಣ ತಡವಾದಷ್ಟು ದಿನವೂ ಊರು ಸಪ್ಪೆ ಉಣ್ಣುತ್ತದೆ, ಉಂಡು ಬಂದು ನನ್ನ ಮುಖ ನೋಡುತ್ತದೆ.

ನಾನು ನ್ಯಾಮತಿಯ ಚಿತ್ರಗಾರ. ಓದಿದ್ದು ನಾಲ್ಕನೇ ಕ್ಲಾಸು. ಬರೆಯುವಾಗ ಒಂದು ಅಕ್ಷರ ಹೆಚ್ಚು ಕಡಿಮೆ ಆದರೆ ಓದುವವರು ಸರಿ ಮಾಡಿಕೊಳ್ಳಿ. ಈಗ ನನಗಿರುವ ಹಿಗ್ಗಿಗೆ ನಾನು ಒಂದು ಕಡೆ ಕೂತು ಬರೆಯುತ್ತಿರುವುದೇ ದೊಡ್ಡದು.

ತಪ್ಪು ಮಾಡಿದ್ದು ನಾನೇ, ವೀಳ್ಯ ಹಿಡಿದ ದಿನವೇ. ತ್ಯಾವಣಿಗೆಯಿಂದಾಚೆಗಿನ ಒಂದು ಹಳ್ಳಿಯ ಗೌಡರು ಎಲೆ ಅಡಿಕೆ ತಂದು, “ಇಪ್ಪತ್ತು ವರ್ಷ ಆತು ಅಮ್ಮಂಗೆ ಬಣ್ಣ ಕಂಡು. ಹೋದ ಸಲ ಹಾಕಿದೋರು ನೀವೇ, ಈ ಸಲಾನೂ ನೀವೇ ಬರ್ರಿ” ಅಂದರು. ಆಗ ನನ್ನ ಸೊಸೆಗೆ ದಿನ ತುಂಬುತ್ತಿತ್ತು. ಮದುವೆಯಾಗಿ ಎಂಟು ವರ್ಷಕ್ಕೆ ಚೊಚ್ಚಲು. ನಮ್ಮಲ್ಲಿ ಮಗನಿಗೆ ಕೂಸು ಹುಟ್ಟಿದರೆ ಮನೆಯವರಿಗೆಲ್ಲ ಹನ್ನೊಂದು ದಿನ ಪುರುಡು, ಅಂದರೆ ಹುಟ್ಟಿನ ಮೈಲಿಗೆ. ಆ ಹನ್ನೊಂದು ದಿನ ದೇವರ ಕುಂಚ ಮುಟ್ಟುವಂತಿಲ್ಲ. ಬೇರೆಯವರನ್ನು ಕರೆಸೋಣವೆಂದರೆ ಕಣ್ಣು ಅಳಿಸಿದ ಕೈಯೇ ಮತ್ತೆ ಕಣ್ಣು ಇಡಬೇಕು ಎಂಬುದು ಅದರ ಮೇಲಿನ ನೇಮ. ಇಷ್ಟೆಲ್ಲ ಗೊತ್ತಿದ್ದೂ ನಾನು ಬೆರಳು ಮಡಿಚಿ ಲೆಕ್ಕ ಹಾಕಿದೆ.

“ಡಾಕ್ಟರು ಇನ್ನೂ ಇಪ್ಪತ್ತು ದಿನ ಐತೆ ಅಂದಾರೆ. ನನ್ನ ಕೆಲಸ ಎಂಟೇ ದಿನದ್ದು. ಶುಕ್ರವಾರ ಕಣ್ಣು ಅಳಿಸಿ ಮುಂದಿನ ಶುಕ್ರವಾರ ಕಣ್ಣು ಇಟ್ಟು ಬಂದುಬಿಡ್ತೀನಿ” ಅಂದೆ.

ನನ್ನ ಹೆಂಡತಿ ಸೊಸೆಯ ತವರಾದ ಜಗಳೂರಿಗೆ ಹೊರಡಲು ಚೀಲಕ್ಕೆ ಬಟ್ಟೆ ತುಂಬುತ್ತಿದ್ದಳು. “ಹೌದೌದು, ಕೂಸು ಹೊಟ್ಟೆಯಾಗೆ ಕ್ಯಾಲೆಂಡರ್ ತೂಗು ಹಾಕ್ಕೊಂಡು ಕುಂತೈತೆ. ಎಂಟು ವರ್ಷ ನಮ್ಮನ್ನ ಕಾಯಿಸಿದ್ದು, ಬರಾಕೆ ನಿಂತ್ರೆ ನಿಮ್ಮ ಬಣ್ಣ ಒಣಗೋ ಮಟ ನಿಲ್ತೈತೇನು?” ಅಂದಳು.

ಹೆಂಗಸರ ಮಾತು ಎಂದು ಕಿವಿಗೆ ಹಾಕಿಕೊಳ್ಳಲಿಲ್ಲ. ಹೊನ್ನಾಳಿಯಲ್ಲಿ ಫ್ಲೆಕ್ಸ್ ಅಂಗಡಿ ಇಟ್ಟಿರುವ ಮಗ ಅಂಗಡಿಗೆ ಬೀಗ ಹಾಕಿ ತಾಯಿಯ ಜೊತೆ ಜಗಳೂರಿಗೆ ಹೋದ. ನಾನು ಕುಂಚದ ಗಂಟು ಹೊತ್ತು ತ್ಯಾವಣಿಗೆ ಬಸ್ಸು ಹತ್ತಿದೆ.

ಅಮ್ಮ ಹಲಸಿನ ಮರದವಳು, ಕೂತರೆ ನನ್ನ ಎದೆಯೆತ್ತರ. ಹಳೆಯ ಬಣ್ಣ ಹೆರೆದು ನೋಡಿದರೆ ಬಲದ ಭುಜದಿಂದ ಮೊಳಕೈವರೆಗೆ ಬೆರಳು ತೂರುವಷ್ಟು ಬಿರುಕು. ಹುಣಸೆ ಬೀಜ ನೆನೆಸಿ, ಅರೆದು, ಕುದಿಸಿ ಅಂಟು ಮಾಡಿ, ಅದಕ್ಕೆ ಮರದ ಪುಡಿ ಕಲಸಿ ಬಿರುಕಿಗೆ ತುಂಬಿದೆ. ಮೇಲೆ ಹಳೆಯ ಸೀರೆಯ ತೆಳು ಬಟ್ಟೆ ಅಂಟಿಸಿದೆ. ಇದರ ಮೇಲೆ ಬಿಳಿ ಸುದ್ದೆಮಣ್ಣನ್ನು ನಾಲ್ಕು ಸಲ ತೆಳ್ಳಗೆ ಬಳಿಯಬೇಕು, ಪ್ರತಿ ಸಲವೂ ಪೂರ್ತಿ ಒಣಗಬೇಕು, ಒಣಗಿದ್ದನ್ನು ಉಜ್ಜಬೇಕು. ನನಗೆ ಒಳಗೊಳಗೆ ಜಗಳೂರಿನ ಅವಸರ. ನಾಲ್ಕು ತೆಳು ಬದಲು ಎರಡು ದಪ್ಪ ಬಳಿದೆ. ಇಷ್ಟು ವರ್ಷ ಮಾಡಿದ ಕೈಗೆ ಅಷ್ಟೂ ಗೊತ್ತಿಲ್ಲವೇ? ಗೊತ್ತಿತ್ತು. ಆದರೂ ಬಳಿದೆ.

ಐದನೆಯ ದಿನ ಬೆಳಿಗ್ಗೆ ಬಾಗಿಲು ತೆಗೆದರೆ ಅಮ್ಮನ ಮುಖವೆಲ್ಲ ಬೇಸಿಗೆಯ ಕೆರೆಯಂಗಳದಂತೆ ಬಿರಿದು, ಕೆನ್ನೆಯ ಮೇಲೆ ಚಕ್ಕೆ ಎದ್ದಿತ್ತು.

ಗೌಡರು ಹೊಸ್ತಿಲಾಚೆಯಿಂದ ಇಣುಕಿದರು. “ಏನ್ ಚಿತ್ರಗಾರ್ರೇ, ಅಮ್ಮಂಗೇ ಸಿಡುಬು ಎದ್ದೈತಾ?”

“ಮತ್ತೆ ಹೆರೆದು ಮೊದಲಿಂದ ಬಳೀಬೇಕು ಗೌಡ್ರೇ. ಶುಕ್ರವಾರ ಆಗಲ್ಲ. ಮಂಗಳವಾರ.”

“ಇನ್ನೂ ನಾಲ್ಕು ದಿನ ಹೆಚ್ಚಿಗೇನಾ!” ಅವರು ಅಲ್ಲೇ ಕಟ್ಟೆಯ ಮೇಲೆ ಕುಸಿದರು. “ಬೇಯಿಸಿದ ಸೊಪ್ಪು ತಿಂದೂ ತಿಂದೂ, ಈಗ ನಾನು ಕೊಟ್ಟಿಗೆಗೆ ಹೋದ್ರೆ ಎತ್ತುಗಳು ಸರಿದು ಜಾಗ ಬಿಡ್ತಾವೆ ಕಣ್ರಿ.”

ಬೈದರೂ ಸಹಿಸಬಹುದಿತ್ತು. ಅವರು ಗಡ್ಡ ಕೆರೆದುಕೊಳ್ಳುತ್ತಾ ಸುಮ್ಮನೆ ಎದ್ದು ಹೋದರು. ನಾನು ಈ ಸಲ ಅವಸರ ನುಂಗಿಕೊಂಡು ನಾಲ್ಕು ಸಲ ತೆಳ್ಳಗೆ ಬಳಿದೆ.

ಭಾನುವಾರದ ಹೊತ್ತಿಗೆ ಸುದ್ದೆ ಗಟ್ಟಿಯಾಗಿ, ಉಜ್ಜಿ, ಮೈಗೆ ಅರಿಸಿನ, ಮುಖಕ್ಕೆ ಕೆಂಪು ಎರಡೆರಡು ಕೈ ಬಿದ್ದಿತ್ತು. ಮಧ್ಯಾಹ್ನ ಸೀರೆಯ ಅಂಚು ಬರೆಯುತ್ತಿದ್ದಾಗ ನನ್ನ ಬಟನ್ ಫೋನು ಬಡಿದುಕೊಂಡಿತು. ಹೆಂಡತಿ.

“ನೋವು ಶುರುವಾಗೈತೆ. ಆಸ್ಪತ್ರೆಗೆ ಕರ್ಕೊಂಡು ಬಂದೀವಿ. ದಿನಕ್ಕೆ ಮುಂಚೆ ಅಂತ ಡಾಕ್ಟರಮ್ಮ ಸ್ವಲ್ಪ...”

ಸ್ವಲ್ಪ ಏನು ಎಂದು ನನಗೆ ತಿಳಿಯಲಿಲ್ಲ. ಪಕ್ಕದಲ್ಲಿ ನಿಂತಿದ್ದ ಪೂಜಾರಿ ನನ್ನ ಕಿವಿಯಿಂದ ಫೋನು ಕಿತ್ತುಕೊಂಡು, ಅದು ಹಾವಿನ ಮರಿಯೇನೋ ಎನ್ನುವ ಹಾಗೆ ದೂರ ಹಿಡಿದುಕೊಂಡು ಹೊರಗೆ ಓಡಿದರು.

ಗುಡಿಯ ಕಟ್ಟೆಯ ಮೇಲೆ ಕೂಡಲೇ ಸಭೆ ಸೇರಿತು. ನಾನು ಹೊಸ್ತಿಲಲ್ಲಿ ನಿಂತೆ.

“ಇನ್ನೂ ಹುಟ್ಟಿಲ್ಲ. ಹುಟ್ಟೋ ಮಟ ಮೈಲಿಗೆ ಇಲ್ಲ” ಅಂದರು ಪೂಜಾರಿ.

“ಹುಟ್ಟಿದ ಮ್ಯಾಲೆ?” ಗೌಡರ ದನಿ ಒಣಗಿತ್ತು. “ಮತ್ತೆ ಹನ್ನೊಂದು ದಿನ ಒಗ್ಗರಣೆ ಇಲ್ಲ ಅಂದ್ರೆ ಊರವರು ಮೊದಲು ನನ್ನ ಹುರೀತಾರೆ.”

“ಹುಟ್ಟಿದ್ರೂ ಸುದ್ದಿ ಕಿವಿಗೆ ಬೀಳೋ ಮಟ ಪುರುಡು ತಟ್ಟಲ್ಲ. ದೂರದಾಗಿರೋನಿಗೆ ಕೇಳಿದ ಗಳಿಗೆಯಿಂದ ಲೆಕ್ಕ. ನಮ್ಮಪ್ಪನ ಕಾಲದಿಂದ ಹಿಂಗೇ.”

“ಹಂಗಾದ್ರೆ ಕೇಳಿಸೋದೇ ಬ್ಯಾಡ” ಎಂದು ಗೌಡರು ನನ್ನ ಫೋನನ್ನು ತಮ್ಮ ಅಂಗಿಯ ಜೇಬಿಗೆ ಹಾಕಿಕೊಂಡರು.

“ನನ್ನ ಮೊಮ್ಮಗು ಕಣ್ರಿ ಅದು!” ಅಂದೆ.

“ನಮ್ಮಮ್ಮ ಕಣ್ರಿ ಇವಳು!” ಅಂದರು ಪೂಜಾರಿ.

ಕಣ್ಣಿಲ್ಲದೆ ಕೂತವಳನ್ನು ಬಿಟ್ಟು ಹೋಗುವುದು ನನಗೂ ಆಗದ ಮಾತು. ಮಂಗಳವಾರ ಬೆಳಿಗ್ಗೆಯವರೆಗೆ ಏನನ್ನೂ ಕೇಳುವುದಿಲ್ಲವೆಂದು ಒಪ್ಪಿಕೊಂಡೆ. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಗೌಡರು ಭದ್ರಕ್ಕೆ ಇರಲಿ ಎಂದು ಇನ್ನೊಂದು ಡಂಗುರ ಹಾಕಿಸಿದರು: “ಚಿತ್ರಗಾರರ ಸೊಸೆ ಹೆರಾಕೆ ಹೋಗಿರೋ ಮಾತನ್ನ ಚಿತ್ರಗಾರರ ಮುಂದೆ ಯಾರೂ ಎತ್ತಬಾರದೂ! ಎತ್ತಿದೋರಿಗೆ ಹನ್ನೊಂದು ತೆಂಗಿನಕಾಯಿ ದಂಡಾ!” ಅಲ್ಲಿಯವರೆಗೆ ಕಟ್ಟೆಯ ಮೇಲಿದ್ದ ಆರು ಜನಕ್ಕೆ ಗೊತ್ತಿದ್ದದ್ದು ಈಗ ಹೊಲದಲ್ಲಿದ್ದವರಿಗೂ ಗೊತ್ತಾಯಿತು.

ಅವತ್ತು ಸಂಜೆ ನನ್ನ ಫೋನು ಗೌಡರ ಜೇಬಿನಲ್ಲಿ ಬಡಿದುಕೊಂಡಿತು. ಅವರು ಸ್ಥೂಲ ದೇಹದವರು. ಗುಡಿಯ ಮುಂದಿನಿಂದ ಎದ್ದು, ಪಂಚೆ ಎತ್ತಿಕೊಂಡು, ನನ್ನ ಕಿವಿಗೆ ಎಟುಕದಷ್ಟು ದೂರಕ್ಕೆ ಓಡಿದರು. ಅವರು ಓಡಿದ್ದನ್ನು ಊರು ನೋಡಿದ್ದು ಅದೇ ಮೊದಲಂತೆ. ಬೇಲಿಯಾಚೆ ನಿಂತು ಫೋನಿಗೆ “ಹಾ... ಹಾ... ಹಾ?” ಎಂದು ಮೂರು ಸಲ ಅಂದದ್ದು ಮಾತ್ರ ನನಗೆ ಕೇಳಿತು. ಮೂರನೆಯ “ಹಾ” ಏಕೆ ಮೇಲಕ್ಕೆ ಹೋಯಿತು? ತಿರುಗಿ ಬಂದಾಗ ತುಟಿ ಬಿಗಿಹಿಡಿದಿದ್ದರು, ಕಣ್ಣಿನಲ್ಲಿ ನೀರಿತ್ತು. ಓಡಿದ್ದಕ್ಕೆ ಬಂದ ನೀರೋ ಬೇರೆಯದಕ್ಕೋ, ನಾನು ಹೇಗೆ ಹೇಳಲಿ?

ಮೂರು ಹೊತ್ತೂ ಮರದ ಮುಖ ಓದುವವನು ನಾನು. ಮನುಷ್ಯರ ಮುಖ ಓದುವುದು ಇಷ್ಟು ಕಷ್ಟ ಎಂದು ಸೋಮವಾರ ತಿಳಿಯಿತು. ಬೆಳಗಿನಿಂದ ಹೆಂಗಸರು ಒಬ್ಬೊಬ್ಬರೇ ಬಾಗಿಲಿಗೆ ಬಂದು ನನ್ನನ್ನು ನೋಡಿ, ಸೆರಗು ಬಾಯಿಗೆ ಒತ್ತಿಕೊಂಡು ಹೋದರು. ಸೆರಗಿನ ಹಿಂದೆ ಇದ್ದದ್ದು ನಗುವೋ ಅಳುವೋ ಕಾಣಲಿಲ್ಲ. ಯಾರಾದರೂ ಬಾಯಿ ತೆರೆಯುವ ಮೊದಲೇ ಪೂಜಾರಿ ಕೈಗಂಟೆ ಬಡಿಯುತ್ತಿದ್ದರು. “ಚಿತ್ರಗಾರಣ್ಣ, ನೀರು...” ಢಣಢಣ. “ಅಣ್ಣಾರೇ, ಈ ಬಕೆಟ್...” ಢಣಢಣ. ಮಧ್ಯಾಹ್ನದ ಹೊತ್ತಿಗೆ ನನ್ನ ತಲೆಯೊಳಗೇ ಒಂದು ಗುಡಿ ಕಟ್ಟಿದಂತಾಗಿತ್ತು.

ಗೌಡರ ತಾಯಿ ದಿನಾ ನನಗೆ ಗಂಜಿ ತರುತ್ತಿದ್ದರು. ಎಂಬತ್ತು ದಾಟಿದ ಅಜ್ಜಿ, ಬಾಯಿ ಜೋರು. ನಿನ್ನೆಯವರೆಗೆ, “ಚಿತ್ರಗಾರ, ನಿನ್ನ ಕೈಗಿಂತ ನಮ್ಮ ಕೋಣ ವಾಸಿ, ಹೊಡೆದ್ರಾದ್ರೂ ಮುಂದೆ ಹೋಗ್ತೈತೆ” ಎಂದು ಬೈದವರು ಇವತ್ತು ಗಂಜಿಯ ಜೊತೆ ದೊಡ್ಡ ಬೆಲ್ಲದ ಉಂಡೆ ಇಟ್ಟು, ನನ್ನನ್ನೇ ನೋಡಿ, “ಉಣ್ಣಪ್ಪ, ಹೊಟ್ಟೆ ತುಂಬ ಉಣ್ಣು” ಅಂದರು. ಅಪ್ಪ! ಹನ್ನೊಂದು ದಿನದಲ್ಲಿ ಮೊದಲ ಸಲ.

ಬೆಲ್ಲದ ಉಂಡೆ ಪಕ್ಕಕ್ಕೆ ಸರಿಸಿದೆ. ಸಪ್ಪೆ ಉಂಡು ನನ್ನ ಮೇಲೆ ಕೆಂಡ ಕಾರುತ್ತಿದ್ದ ಊರು ಒಂದೇ ದಿನದಲ್ಲಿ ಇಷ್ಟು ಮೆತ್ತಗಾಯಿತೇ? ಒಳ್ಳೆಯ ಸುದ್ದಿಯಾಗಿದ್ದರೆ ನಗುನಗುತ್ತಾ ಬೈಯಬೇಕಿತ್ತು. ಸತ್ತ ಮನೆಯವರ ಜೊತೆಯಲ್ಲಿ ಮಾತ್ರ ಜನ ಹೀಗೆ ಮಾತನಾಡುವುದು. ‘ದಿನಕ್ಕೆ ಮುಂಚೆ ಅಂತ ಡಾಕ್ಟರಮ್ಮ ಸ್ವಲ್ಪ...’ ಸ್ವಲ್ಪ ಏನು? ಕೂಸಿಗೋ? ಸೊಸೆಗೋ? ಎಂಟು ವರ್ಷ ಯಾರ ಮುಂದೆಯೂ ಕಣ್ಣೀರು ಹಾಕದೆ ನಮ್ಮ ಮನೆಯ ದೀಪ ಹಚ್ಚಿದ ಹುಡುಗಿ ಅವಳು.

ಅಮ್ಮನ ತುಟಿ ತಿದ್ದಲು ಕುಂಚ ಎತ್ತಿದೆ. ಗೆರೆ ಬಾಗಿಕೊಂಡು ಗಲ್ಲಕ್ಕೆ ಇಳಿಯಿತು. ಒರೆಸಿದೆ. ಮತ್ತೆ ಎಳೆದೆ, ಇನ್ನೊಂದು ಕಡೆ ಏರಿತು. ಅದನ್ನೂ ಒರೆಸಿದೆ. ತುಟಿಯನ್ನು ಒರೆಸಬಹುದು. ಕಣ್ಣನ್ನು ಒರೆಸುವಂತಿಲ್ಲ. ಕಪ್ಪು ಬೊಟ್ಟು ಒಂದೇ ಸಲ, ಒಂದೇ ಉಸಿರಿನಲ್ಲಿ. ಹಿಂದೆ ಬೇರೊಂದು ಊರಲ್ಲಿ ಒಬ್ಬ ಚಿತ್ರಗಾರ ಜ್ವರದಲ್ಲಿ ಕಣ್ಣು ಇಟ್ಟು, ಆ ಊರಿನ ಅಮ್ಮ ಮೆಳ್ಳಗಣ್ಣಿನವಳಾಗಿ ಕೂತಿದ್ದಾಳೆ. ಅಲ್ಲಿ ಹರಕೆ ಹೊತ್ತವರು ಅವಳ ನೋಟ ತಮ್ಮ ಮೇಲೆ ಬೀಳಲಿ ಎಂದು ಗುಡಿಯಲ್ಲಿ ಅತ್ತ ಒಂದು ಹೆಜ್ಜೆ ಇತ್ತ ಒಂದು ಹೆಜ್ಜೆ ಸರಿಯುತ್ತಾ ಇರುತ್ತಾರೆ.

ನಾನು ಕುಂಚ ತೊಳೆದೆ. ಬಣ್ಣದ ಕರಟ ಬೋರಲು ಹಾಕಿದೆ. ನಮ್ಮಲ್ಲಿ ಕರಟ ಬೋರಲು ಬಿದ್ದರೆ ಕೆಲಸ ನಿಂತಿತು ಎಂದು ಅರ್ಥ. ಹೊರಗೆ ಬಂದು ಕಟ್ಟೆಯ ಮೇಲೆ ಕೂತೆ.

ಪೂಜಾರಿ ಗಂಟೆ ಎತ್ತಿದರು. “ಬಡೀಬ್ಯಾಡ್ರಿ” ಅಂದೆ. “ಗೌಡ್ರೇ, ನನಗೆ ಸುದ್ದಿ ಹೇಳ್ರಿ. ಪುರುಡು ತಟ್ಟಿದ್ರೆ ತಟ್ಲಿ. ಈ ಕೈಯಾಗೆ ಕಣ್ಣು ಇಡಾಕೆ ಆಗಲ್ಲ.”

“ಹನ್ನೊಂದು ದಿನ ಚಿತ್ರಗಾರ್ರೇ! ಹನ್ನೊಂದು ದಿನ!” ಗೌಡರು ಕೈ ಮುಗಿದರು.

“ಮೆಳ್ಳಗಣ್ಣಿನ ಅಮ್ಮ ಆಗ್ತಾಳೆ. ಆಗ್ಬೌದಾ?”

ಅವರು ಪೂಜಾರಿಯ ಮುಖ ನೋಡಿದರು, ಪೂಜಾರಿ ಆಕಾಶ ನೋಡಿದರು. ಒಂದು ಕಡೆ ಮೆಳ್ಳಗಣ್ಣು, ಒಂದು ಕಡೆ ಸಪ್ಪೆಸಾರು. ಅಜ್ಜಿ ಮಾತ್ರ ಕೋಲೂರಿಕೊಂಡು ಎದ್ದು ಎಲ್ಲಿಗೋ ಹೋದರು.

ಅವರು ಹೋದದ್ದು ಬಸ್ಸು ನಿಲ್ಲುವ ಜಾಗಕ್ಕೆ. ಅವತ್ತು ಸಂಜೆ ಕೆರೆಬಿಳಚಿಯಿಂದ ಬಳೆ ಸಾಬರು ಬರುವವರಿದ್ದರು. ಅಮ್ಮನಿಗೆ ಹೊಸ ಬಣ್ಣ ಬಿದ್ದಾಗಲೆಲ್ಲ ಹೊಸ ಬಳೆ ತರುವುದು ಅವರ ಮನೆತನದ ಬಾಧ್ಯತೆ, ಅವರ ಅಜ್ಜನ ಕಾಲದಿಂದಲೂ. ಅಮ್ಮನ ಕೈಗಳು ಮೊಳಕೈ ಹತ್ತಿರ ಕಳಚಿ ಬರುತ್ತವೆ. ಆ ಕಡೆಯಿಂದ ಬಳೆ ಏರಿಸಿ, ಕೈ ಮತ್ತೆ ಸಿಕ್ಕಿಸಿ, ಆಮೇಲೆ ಕಣ್ಣು ಇಡಬೇಕು. ಸಾಬರು ಸ್ಕೂಟರಿನಿಂದ ಇಳಿಯುವ ಮೊದಲೇ ಅಜ್ಜಿ ಅವರ ಕಿವಿಗೆ ಬಾಯಿ ಹಚ್ಚಿದ್ದು ದೂರದಿಂದ ನನಗೂ ಕಂಡಿತು. ಅವರು ತಲೆ ಆಡಿಸಿ, ಪೆಟ್ಟಿಗೆ ತೆರೆದು ಏನೋ ಹುಡುಕಿದರು.

ಸಾಬರು ಬಂದು ಕಟ್ಟೆಯ ಮೇಲೆ ಬಟ್ಟೆ ಹಾಸಿದರು. “ನಮಸ್ಕಾರ ಅಜ್ಜಾರೇ. ಇದು ಅಮ್ಮಂದು. ಎರಡು ಡಜನ್ ಹಸಿರು, ಎಲ್ಲಾದಕ್ಕಿಂತ ದೊಡ್ಡ ಸೈಜು.” ನಾನು ಎಣಿಸಿ ತೆಗೆದಿಟ್ಟೆ.

ಆಮೇಲೆ ಅವರು ಇನ್ನೊಂದು ಪೊಟ್ಟಣ ಬಿಚ್ಚಿದರು. ಅದರಲ್ಲಿ ಒಂದು ಡಜನ್ ಹಸಿರು ಗಾಜಿನ ಬಳೆ, ಸಣ್ಣ ಕೈಯ ಹೆಣ್ಣುಮಗಳ ಅಳತೆ. ಅಮ್ಮನ ಕೈಗೆ ಏರುವಂಥವಲ್ಲ. ಅವುಗಳ ಪಕ್ಕ, ಬಟ್ಟೆಯ ನಟ್ಟನಡುವೆ, ಒಂದು ಜೊತೆ ಕರಿಬಳೆ ಇಟ್ಟರು. ನನ್ನ ಹೆಬ್ಬೆರಳಿಗೆ ಉಂಗುರ ಆಗುವಷ್ಟು ಅಗಲ.

ನಮ್ಮ ಕಡೆ ಆ ಅಳತೆಯ ಕರಿಬಳೆ ಹಾಕುವುದು ಹಸುಗೂಸಿನ ಕೈಗೆ ಮಾತ್ರ. ಕೇಡು ನಡೆದ ಮನೆಗೆ ಯಾವ ಬಳೆಗಾರನೂ ಹಸಿರು ಬಳೆ ಕಟ್ಟಿ ಕಳಿಸುವುದಿಲ್ಲ. ಕೂಸು ಇದೆ. ಸೊಸೆಯೂ ಇದ್ದಾಳೆ.

ಪೂಜಾರಿ ಗಂಟೆ ಎತ್ತಿ ಹಿಡಿದಿದ್ದರು. ಯಾರೂ ಏನೂ ಮಾತಾಡದೆ ಇದ್ದುದರಿಂದ ಬಡಿಯಬೇಕೋ ಬೇಡವೋ ತಿಳಿಯದೆ ಕೈ ಹಾಗೇ ಮೇಲೆ ನಿಂತಿತ್ತು.

“ಸಾಬರೇ,” ಅಂದೆ, “ಇವು ಅಮ್ಮನ ಕೈಗೆ ಆಗಲ್ಲವಲ್ಲ?”

“ನನಗೇನ್ ಗೊತ್ತು ಅಜ್ಜಾರೇ. ನಾನು ಬಳೆ ಮಾರೋನು. ಕೇಳಿದ ಸೈಜು ಕೊಡ್ತೀನಿ, ಯಾರ ಕೈಗೆ ಅಂತ ಕೇಳಲ್ಲ. ನೀವೂ ಕೇಳಬ್ಯಾಡ್ರಿ.” ಹೀಗೆಂದು ಅವರು ಬೇರೆ ಕಡೆ ಮುಖ ತಿರುಗಿಸಿಕೊಂಡರು. ಆದರೆ ಅವರ ಬೆನ್ನು ನಗುತ್ತಿತ್ತು.

“ಇದು... ಇದು ಹೆಂಗೆ?” ಪೂಜಾರಿ ತಡವರಿಸಿದರು. “ಕಿವಿಗೇನೋ ಬೀಳ್ಲಿಲ್ಲ. ಕಣ್ಣಿಗೆ ಬಿತ್ತು.”

“ಕಣ್ಣಿಗೆ ಬಿದ್ರೆ ಪುರುಡು ತಟ್ತೈತೆ ಅಂತ ನಿಮ್ಮಪ್ಪ ಹೇಳಿದ್ನಾ?” ಅಂದರು ಅಜ್ಜಿ.

ಪೂಜಾರಿ ಬಹಳ ಹೊತ್ತು ನೆನಪು ಮಾಡಿಕೊಂಡರು. ಅವರು ಸುಳ್ಳು ಹೇಳುವವರಲ್ಲ. “ಇಲ್ಲ. ಕಣ್ಣಿನ ಬಗ್ಗೆ ಅಪ್ಪ ಏನೂ ಹೇಳಿಲ್ಲ.”

“ಹಂಗಾದ್ರೆ ಆ ಗಂಟೆ ಕೆಳಗಿಡು. ಕೈ ನೋಯ್ತೈತೆ.”

ನಾನು ಒಳಗೆ ಹೋಗಿ ಕರಟ ನೆಟ್ಟಗೆ ಮಾಡಿದೆ. ಅಮ್ಮನ ತುಟಿ ಒಂದೇ ಎಳೆತಕ್ಕೆ ಕೂತಿತು.

ಮಂಗಳವಾರ ಹೊತ್ತು ಮೂಡುವಾಗ ಸ್ನಾನ ಮಾಡಿ, ಒದ್ದೆ ಪಂಚೆಯಲ್ಲೇ ಅಮ್ಮನ ಮುಂದೆ ಕಟ್ಟಿದ್ದ ಪರದೆಯೊಳಗೆ ಹೋದೆ. ಕಣ್ಣು ಇಡುವಾಗ ಪೂಜಾರಿಯೂ ಒಳಗಿರುವಂತಿಲ್ಲ. ಹೊರಗೆ ಇಡೀ ಊರು, ಕೆಮ್ಮೂ ಇಲ್ಲ. ಅಮ್ಮನ ಮೊದಲ ನೋಟ ಮನುಷ್ಯರ ಮೇಲೆ ಬೀಳಬಾರದು. ಅದಕ್ಕೆ ಎದುರಿಗೆ ಕನ್ನಡಿ, ಅದರ ಹಿಂದೆ ಬೂದುಗುಂಬಳ. ನಾನು ಅವಳ ಎಡಮಗ್ಗುಲಲ್ಲಿ ನಿಂತು ಕನ್ನಡಿಯಲ್ಲಿ ನೋಡಿಕೊಂಡು ಬರೆಯಬೇಕು.

ಕುಂಚ ಎತ್ತುವ ಮೊದಲು ನಿಂತೆ. ನಾನು ಮಾಡುತ್ತಿರುವುದು ಮೋಸವೋ ಎಂದು ಒಂದು ಅಳುಕು ಇತ್ತು, ಇಲ್ಲ ಅನ್ನುವುದಿಲ್ಲ. ಊರಿನವರ ಮುಂದೆ ವಾದ ಗೆಲ್ಲಬಹುದು, ಇವಳ ಮುಂದೆ ಆಗುತ್ತದೆಯೇ? ಇವಳೇನು ಪೂಜಾರಿಯ ಅಪ್ಪನನ್ನು ಕೇಳಿ ತಿಳಿದುಕೊಳ್ಳುವವಳೇ? “ಕಿವಿಗೆ ಬಿದ್ದಿಲ್ಲ ತಾಯಿ. ಮಿಕ್ಕಿದ್ದು ನಿನಗೆ ಬಿಟ್ಟಿದ್ದು. ತಪ್ಪಾಗಿದ್ರೆ ಕೈ ಹಿಡಿದು ನಿಲ್ಲಿಸು” ಎಂದು ಮನಸ್ಸಿನಲ್ಲೇ ಅಂದುಕೊಂಡು ಸ್ವಲ್ಪ ಹೊತ್ತು ಕಾದೆ. ಕೈ ಕಲ್ಲಿನಂತೆ ನೆಟ್ಟಗಿತ್ತು.

ಕಣ್ಣಿನ ಕೊನೆಗೆ ಕೆಂಪು. ರೆಪ್ಪೆಯ ಕಪ್ಪು. ಆಮೇಲೆ ಕೆಳಗಣ್ಣಿನ ಗೆರೆ. ಅದು ನೇರ ಹೋದರೆ ಅಮ್ಮ ಉಗ್ರ, ಒಂದು ಎಳೆಯಷ್ಟು ಮೇಲಕ್ಕೆ ಬಾಗಿದರೆ ಶಾಂತ. ಈ ಊರಿನವಳು ಉಗ್ರ. ನಾನು ನೇರವಾಗಿಯೇ ಎಳೆದೆ. ಉಸಿರು ಹಿಡಿದು ಎರಡು ಬೊಟ್ಟು ಇಟ್ಟೆ. ಕನ್ನಡಿಯಲ್ಲಿ ಅವಳು ನನ್ನನ್ನು ನೋಡಿದಳು. ಕುಂಚ ಹಣೆಗೆ ಒತ್ತಿಕೊಂಡು ಪಕ್ಕಕ್ಕೆ ಸರಿದೆ. ಪೂಜಾರಿ ಒಳಗೆ ಬಂದು ಬೂದುಗುಂಬಳ ಒಡೆದರು, ಕಳಸದ ನೀರು ಚಿಮುಕಿಸಿದರು, ಪರದೆ ಸರಿಯಿತು.

ಎಲ್ಲರೂ ಕೈ ಎತ್ತಿ ಮುಗಿದರು. ಆಮೇಲೆ ಕೈಗಳೆಲ್ಲ ಹಾಗೇ ನಿಂತವು.

“ಅಮ್ಮ ನಗ್ತಾಳೆ” ಅಂತ ಯಾರೋ ಅಂದರು.

ನಾನು ಎದುರಿಗೆ ಬಂದು ನೋಡಿದೆ. ಹೌದು. ನಾನು ನೇರ ಎಳೆದ ಗೆರೆ ಯಾವಾಗ ಬಾಗಿತೋ ನನಗೆ ತಿಳಿಯದು. ಕೆಂಪು ಮುಖ ಹಾಗೇ ಇದೆ, ಕೋರೆಹಲ್ಲು ಹಾಗೇ ಇವೆ, ಕೈಯಲ್ಲಿ ಖಡ್ಗವೂ ಇದೆ. ಕಣ್ಣು ಮಾತ್ರ ಎದುರುಬಾಗಿಲಲ್ಲಿ ನೆಂಟರನ್ನು ಕಂಡವಳದು.

“ಹೋದ ಸಲ ನೋಡಿದ್ರೆ ಉಚ್ಚೆ ಬರೋ ಹಂಗಿದ್ಲು” ಗೌಡರು ತಗ್ಗಿದ ದನಿಯಲ್ಲಿ ಅಂದರು. “ಹಿಂಗೆ ನಕ್ಕರೆ ಜನ ಹೆದರ್ತಾರೇನ್ರಿ?”

“ಇಪ್ಪತ್ತು ವರ್ಷ ಸಿಟ್ಟು ಹಿಡಕೊಂಡು ಕುಂತಿದ್ಲು, ದವಡೆ ನೊಂದಿರಬೇಕು” ಅಂದರು ಅಜ್ಜಿ. “ನೀನು ಹೆದರಬೇಕಾದ್ರೆ ನನ್ನ ನೋಡು.”

ಇನ್ನೂ ವಾದ ಬೆಳೆಯುತ್ತಿತ್ತೇನೋ. ಅಷ್ಟರಲ್ಲಿ ಗುಡಿಯ ಹಿಂದಿನ ಮನೆಯಿಂದ ‘ಚಟ್’ ಅಂತ ಒಂದು ಸಾಸಿವೆ ಸಿಡಿಯಿತು. ಅದರ ಹಿಂದೆ ಇನ್ನೊಂದು ಮನೆ, ಮತ್ತೊಂದು. ಕೆಲವು ಹೆಂಗಸರು ಮನೆಯಲ್ಲೇ ಉಳಿದು ಎಣ್ಣೆ ಕಾಯಿಸಿಟ್ಟುಕೊಂಡೇ ಕಾಯುತ್ತಿದ್ದರು. ಆರತಿ ಮುಗಿಯುವ ಮೊದಲೇ ಬೆಳ್ಳುಳ್ಳಿ ಒಗ್ಗರಣೆಯ ವಾಸನೆ ಊರ ಮೇಲೆ ಮೋಡದಂತೆ ನಿಂತಿತು. ಗೌಡರು ಕಣ್ಣು ಮುಚ್ಚಿ ಮೂಗು ಅರಳಿಸಿ, “ನಗ್ಲಿ ಬಿಡ್ರಿ, ನಗ್ಲಿ” ಅಂದರು.

ಅಮ್ಮನಿಗೆ ಅಡ್ಡಬಿದ್ದು, ಕುಂಚದ ಗಂಟು ಕಟ್ಟಿಕೊಂಡು ಗುಡಿಯಿಂದ ಹೊರಗೆ ಬಂದೆ. ಗೌಡರು ನನ್ನ ಫೋನನ್ನು ಬೇವಿನ ಮರದ ಕೆಳಗೆ ಒಂದು ಕಲ್ಲಿನ ಮೇಲೆ ಇಟ್ಟು, ನಂಬರು ಒತ್ತಿ, ಸ್ಪೀಕರ್ ಹಾಕಿ, ಹತ್ತು ಮಾರು ಹಿಂದೆ ಸರಿದರು. ಊರೆಲ್ಲ ಅವರ ಹಿಂದೆ ಸರಿಯಿತು. ಇನ್ನೊಂದು ಗಳಿಗೆಗೆ ನಾನು ಪುರುಡಿನವನು, ಯಾರೂ ಮುಟ್ಟುವಂತಿಲ್ಲ.

“ಯಾರು? ನೀವಾ?” ಹೆಂಡತಿಯ ದನಿ. “ಕಣ್ಣು ಇಟ್ರಾ?”

“ಇಟ್ಟೆ. ಹೇಳು.”

“ಏನ್ ಹೇಳೋದು! ಕೂಸು ಹುಟ್ಟಿ ಒಂದೂವರೆ ದಿನ ಆತು. ಜಗಳೂರಿಗೆಲ್ಲ ಗೊತ್ತು, ನಿಮ್ಮ ಗೌಡ್ರಿಗೆ ಗೊತ್ತು, ಗೌಡ್ರ ತಾಯಿಗೆ ಕೂಸಿನ ತೂಕಾನೂ ಗೊತ್ತು. ಅಜ್ಜ ಅನ್ನಿಸಿಕೊಂಡೋನಿಗೆ ಗೊತ್ತಿಲ್ಲ. ಹೆಣ್ಣು ಕೂಸು ರೀ! ಸ್ವಲ್ಪ ಸಣ್ಣದು, ಗಂಟಲು ಮಾತ್ರ ಸಣ್ಣದಲ್ಲ. ಸೊಸೆ ಎದ್ದು ಕುಂತಾಳೆ. ಕೇಳ್ರಿ ಇಲ್ಲಿ...”

ಅಳು ಕೇಳಿತು. ಬಟನ್ ಫೋನಿನ ಒಡಕು ಸ್ಪೀಕರಿನಲ್ಲಿ ಬೇವಿನ ಮರದ ಹಕ್ಕಿಗಳು ಏಳುವಷ್ಟು ಜೋರಾಗಿ ನನ್ನ ಮೊಮ್ಮಗಳು ಅತ್ತಳು.

ಆಮೇಲೆ ನಾನು ಏನೇನು ಮಾಡಿದೆ ಎಂದು ನನಗಿಂತ ಊರಿನವರಿಗೆ ಚೆನ್ನಾಗಿ ಗೊತ್ತು. ಕುಣಿದೆನಂತೆ. ಅರವತ್ತಾರು ವರ್ಷದ ಕಾಲು ಕುಣಿದರೆ ಎಷ್ಟು ಕುಣಿದೀತು, ಆದರೂ ಕುಣಿದೆನಂತೆ. ಗೌಡರ ಕೈ ಹಿಡಿಯಲು ಮುಂದೆ ಹೋದೆ, ಅವರು “ಸಂತೋಷ, ಭಾಳ ಸಂತೋಷ!” ಎನ್ನುತ್ತಾ ಎರಡು ಹೆಜ್ಜೆ ಹಿಂದೆ ಹೋದರು. ಪೂಜಾರಿಯ ಕಡೆ ತಿರುಗಿದೆ, ಅವರು ಆಶೀರ್ವಾದ ಮಾಡುತ್ತಲೇ ಬೇಲಿ ಹತ್ತಿದರು. ನಾನು ಮುಂದೆ ಹೋದಷ್ಟೂ ಊರು ನಗುತ್ತಾ ಹಿಂದೆ ಹೋಗುತ್ತಿತ್ತು. ಅಜ್ಜಿ ದೂರದಿಂದ ಒಂದು ಬೆಲ್ಲದ ಉಂಡೆ ಎಸೆದರು, ಹಿಡಿದೆ. “ಹೆಣ್ಣು ಅಂತ ಮುಖ ಚಿಕ್ಕದು ಮಾಡ್ಕೊಂಡ್ಯೋ, ಅಲ್ಲಿಗೇ ಬರ್ತೀನಿ” ಎಂದು ಕೋಲು ತೋರಿಸಿದರು.

ಬಳೆ ಸಾಬರು ಒಬ್ಬರೇ ಹಿಂದೆ ಸರಿಯಲಿಲ್ಲ. “ನನಗ್ಯಾವ ಪುರುಡು ಅಜ್ಜಾರೇ, ಬರ್ರಿ” ಎಂದು ನನ್ನನ್ನು ಬಿಗಿಯಾಗಿ ತಬ್ಬಿಕೊಂಡರು. ಅವರ ಅಂಗಿಯ ಮೇಲೆ ಎರಡು ಕಡೆ ಅಮ್ಮನ ಕೆಂಪು ಬಣ್ಣ ಅಂಟಿತು. ಹಾಗೇ ಸ್ಕೂಟರಿನ ಹಿಂದೆ ಕೂರಿಸಿಕೊಂಡು ತ್ಯಾವಣಿಗೆ ಕಡೆ ಹೊರಟರು.

ದಾರಿಯಲ್ಲಿ ಎದುರಾದವರಿಗೆಲ್ಲ ಕೂಗಿ ಹೇಳಬೇಕು ಅನ್ನಿಸಿತು. ಗದ್ದೆಯಲ್ಲಿದ್ದ ಒಬ್ಬನಿಗೆ, “ನನಗೆ ಮೊಮ್ಮಗಳು ಹುಟ್ಟಿದಾಳೆ!” ಎಂದು ಕೂಗಿದೆ. ಅವನು ಸೊಂಟ ನೆಟ್ಟಗೆ ಮಾಡಿ, “ಗೊತ್ತು ಬಿಡ್ರೀ, ಭಾನುವಾರಾನೇ ಗೊತ್ತು!” ಅಂದ. ಹಾಲಿನ ಕ್ಯಾನಿನವನಿಗೆ ಹೇಳಿದೆ. “ಎರಡು ಕೆಜಿ ನಾನೂರು ಗ್ರಾಂ ಅಲ್ಲೇನ್ರಿ?” ಅಂದ. ಎಂಥ ಅನ್ಯಾಯ ನೋಡಿ. ಎಂಟು ವರ್ಷ ಕಾದು ಬಂದ ಸುದ್ದಿ, ಹೇಳಲು ಬಾಯಿ ತುಂಬ ಇದೆ, ಕೇಳಿರದ ಒಂದು ಕಿವಿ ಇಲ್ಲ.

ತ್ಯಾವಣಿಗೆಯಲ್ಲಿ ದಾವಣಗೆರೆ ಬಸ್ಸು ನಿಂತಿತ್ತು. ಹತ್ತಿ ಕೂತೆ. ಕಂಡಕ್ಟರಮ್ಮ ಬಂದರು. “ಎಲ್ಲಿಗೆ ಅಜ್ಜಾ?”

“ದಾವಣಗೆರೆಗಮ್ಮ. ಅಲ್ಲಿಂದ ಜಗಳೂರಿಗೆ. ನನಗೆ ಮೊಮ್ಮಗಳು ಹುಟ್ಟಿದಾಳೆ.”

ಅವರ ಹುಬ್ಬು ಮೇಲಕ್ಕೆ ಹೋಯಿತು. “ಹೌದಾ! ಯಾವಾಗ?”

ಗೊತ್ತಿರಲಿಲ್ಲ! ಆ ತಾಯಿಗೆ ಗೊತ್ತಿರಲಿಲ್ಲ! ನನಗೆ ಅವರ ಕಾಲಿಗೆ ಬೀಳಬೇಕೆನಿಸಿತು. ಅಮ್ಮನ ಬಿರುಕಿನಿಂದ ಹಿಡಿದು ಕರಿಬಳೆಯವರೆಗೆ ಎಲ್ಲ ಹೇಳಿದೆ. ಬಸ್ಸು ಎರಡು ಸ್ಟಾಪು ದಾಟಿತು. ಅವರು ಕಂಬಿಗೆ ಒರಗಿ ಪೂರ್ತಿ ಕೇಳಿ, ನಕ್ಕು, ಕಣ್ಣೊರೆಸಿಕೊಂಡು, “ಹೆಣ್ಣು ಕೂಸು. ಆಕೆಗೆ ಬಸ್ಸು ಫ್ರೀ ಬಿಡ್ರಿ. ನೀವು ಮಾತ್ರ ಟಿಕೆಟ್ ತಗೊಳ್ರಿ” ಅಂದರು.

ತೆಗೆದುಕೊಂಡೆ. ಮುಂದಿನ ಸೀಟಿನಲ್ಲಿ ಒಬ್ಬ ಕಿಟಕಿಗೆ ತಲೆಯಿಟ್ಟು ನಿದ್ದೆ ಮಾಡುತ್ತಿದ್ದ. ನಾನು ಇಷ್ಟೆಲ್ಲ ಹೇಳಿದ್ದು ಅವನಿಗೆ ಏನೂ ಕೇಳಿಸಿರಲಿಲ್ಲ. ಎಬ್ಬಿಸಿದೆ.